ಸೌದೆ ರೇಂಜ್ ಒಲೆಯನ್ನು ಮನೆಯ ಸೆಂಟ್ರಲ್ ಹೀಟಿಂಗ್‌ಗೆ ಜೋಡಿಸುವುದು: ಎಷ್ಟು ಲಾಭ, ಎಷ್ಟು ತೊಡಕು?

ಸೌದೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ. ಗ್ಯಾಸ್ ಬಾಯ್ಲರಿನಲ್ಲಿ ಕಾದ ನೀರು ಮುಚ್ಚಿದ ಪೈಪುಗಳಲ್ಲಿ ಒತ್ತಡದಿಂದ ಹರಿದು ಎಲ್ಲ ಕೋಣೆಗಳಲ್ಲಿ ಗೋಡೆಗಿಟ್ಟ ಲೋಹದ ಶಾಖಫಲಕಗಳಾದ ರೇಡಿಯೇಟರ್‌ಗಳನ್ನು ಬಿಸಿ ಮಾಡುತ್ತದೆ. ಅಡುಗೆಮನೆ ಕೆಳಗಿನ ಅಂತಸ್ತಿನಲ್ಲಿದ್ದು, ಅದರ ಒಳಗೋಡೆಯಲ್ಲಿ ಬಳಕೆ ತಪ್ಪಿದ ಇಟ್ಟಿಗೆಯ ಚಿಮಣಿಯೊಂದಿದೆ. ಸ್ವಂತ ಮರಗಳಿರುವುದರಿಂದ ಸೌದೆಗೆ ಕೊರತೆಯಿಲ್ಲ.

ಹಿಂಬದಿಯಲ್ಲಿ ನೀರಿನ ಬಾಯ್ಲರ್ ಇರುವ ಸೌದೆ ರೇಂಜ್ ಒಲೆಯೊಂದನ್ನು (ಮೇಲೆ ಅಡುಗೆಯ ತಟ್ಟೆ, ಒಳಗೆ ಓವನ್ ಇರುವ ದೊಡ್ಡ ಒಲೆ) ಕೊಳ್ಳಬೇಕೆಂದಿದ್ದೇವೆ. ಅದು ಒಟ್ಟು 14 ಕಿಲೋವ್ಯಾಟ್ ಶಾಖ ಕೊಡುತ್ತದೆ, ಅದರಲ್ಲಿ 9 ನೀರಿಗೆ ಮತ್ತು 5 ಅಡುಗೆಮನೆಗೆ ಹೋಗುತ್ತದೆ ಎಂದು ತಯಾರಕರ ಪತ್ರದಲ್ಲಿದೆ. ಗ್ಯಾಸನ್ನು ಪೂರ್ತಿ ಬಿಡುವ ಉದ್ದೇಶ ನಮಗಿಲ್ಲ. ಸಂಜೆ ಅಡುಗೆಗೆಂದು ಉರಿ ಹಾಕಿದಾಗ ಅದೇ ಉರಿ ರೇಡಿಯೇಟರ್‌ಗಳಿಗೂ ಒದಗಿದರೆ ಸಾಕು. ಇದರಿಂದ ನಿಜವಾಗಿ ಎಷ್ಟು ಗ್ಯಾಸ್ ಉಳಿದೀತು, ಈಗಿರುವ ಪೈಪುಗಳಿಗೆ ಒಲೆಯನ್ನು ನೇರವಾಗಿ ಜೋಡಿಸಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಶಾಖಗಣಿತ

ಮೊದಲ ಪ್ರಶ್ನೆಗೆ ನಾನು ಲೆಕ್ಕ ಹಾಕಿ ಹೇಳುತ್ತೇನೆ, ಎರಡನೆಯದನ್ನು ಪೈಪಿನ ಕೆಲಸ ಬಲ್ಲವರಿಗೆ ಬಿಡುತ್ತೇನೆ.

ತಯಾರಕರು ಹೇಳುವ 14 ಕಿಲೋವ್ಯಾಟ್ ಎಂಬುದು ಒಣಗಿದ ಸೌದೆ ಚೆನ್ನಾಗಿ ಉರಿಯುತ್ತಿರುವ ಹೊತ್ತಿನ ಮಾತು. ಶೇಕಡ 20ರಷ್ಟು ತೇವಾಂಶ ಉಳಿದಿರುವ ಒಂದು ಕಿಲೋ ಸೌದೆಯಲ್ಲಿ ಸುಮಾರು 4.1 ಯೂನಿಟ್ ಶಾಖವಿರುತ್ತದೆ (ಕಿಲೋವ್ಯಾಟ್ ಗಂಟೆಯನ್ನೇ ಇಲ್ಲಿ ಯೂನಿಟ್ ಎನ್ನುತ್ತಿದ್ದೇನೆ). ಒಲೆಯ ದಕ್ಷತೆ ಶೇಕಡ 75 ಎಂದಿಟ್ಟುಕೊಂಡರೆ 14 ಕಿಲೋವ್ಯಾಟ್ ಪಡೆಯಲು ಗಂಟೆಗೆ ನಾಲ್ಕೂವರೆ ಕಿಲೋ ಸೌದೆ ಬೇಕು. ಸಂಜೆ ನಾಲ್ಕು ಗಂಟೆ ಉರಿಸಿದರೆ 18 ಕಿಲೋ ಸೌದೆ ಖರ್ಚಾಗಿ, ನೀರಿಗೆ 36 ಯೂನಿಟ್ ಮತ್ತು ಅಡುಗೆಮನೆಗೆ 20 ಯೂನಿಟ್ ಸಿಗುತ್ತವೆ. ಕೊರೆಯುವ ಚಳಿಯ ದಿನ ನಿಮ್ಮ ಮನೆಗೆ ಸರಾಸರಿ 8 ಕಿಲೋವ್ಯಾಟ್ ಬೇಕಾಗುತ್ತದೆ ಎಂದಾದರೆ ದಿನದ ಬೇಡಿಕೆ 192 ಯೂನಿಟ್. ಅಂದರೆ ಸಂಜೆಯ ಉರಿಯಿಂದ ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಒದಗುತ್ತದೆ. ಚಳಿ ಅಷ್ಟಿಲ್ಲದ ದಿನಗಳಲ್ಲಿ ಈ ಪಾಲು ಅರ್ಧಕ್ಕೂ ಏರಬಹುದು, ಆದರೆ ಆಗ ಶಾಖ ಬೇಡವೆಂದರೂ ಬರುತ್ತಿರುತ್ತದೆ ಎಂಬ ಇನ್ನೊಂದು ತೊಂದರೆ ಎದುರಾಗುತ್ತದೆ.

ಈ ಲೆಕ್ಕವೆಲ್ಲ ಒಣ ಸೌದೆಗೆ ಮಾತ್ರ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಒಂದು ಕಿಲೋ ಹಸಿ ಸೌದೆಯಿಂದ ಸಿಗುವುದು ಬರಿಯ 2.2 ಯೂನಿಟ್, ಅದೂ ಹೊಗೆಯ ಜೊತೆಗೆ. ಹಸಿ ಸೌದೆಯನ್ನು ಎಷ್ಟು ತುರುಕಿದರೂ ಒಲೆ 14 ಕಿಲೋವ್ಯಾಟ್ ಮುಟ್ಟುವುದಿಲ್ಲ, ಏಕೆಂದರೆ ಶಾಖದ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ, ಬೆಂಕಿಯೂ ತಣಿದು ಸರಿಯಾಗಿ ಉರಿಯುವುದಿಲ್ಲ. ಮೆದು ಮರವನ್ನು ಸೀಳಿ ಗಾಳಿಯಾಡುವಂತೆ ಒಟ್ಟಿದರೆ ಒಂದು ವರ್ಷ, ಗಟ್ಟಿ ಮರಕ್ಕೆ ಎರಡು ವರ್ಷ ಬೇಕಾಗುತ್ತದೆ. ಆದ್ದರಿಂದ ಒಲೆಯನ್ನು ಆರಿಸುವ ಮೊದಲು ಎರಡು ವರ್ಷದ ಸೌದೆ ಒಟ್ಟಲು ಮಳೆ ಬೀಳದ, ಗಾಳಿ ಹಾಯುವ ಜಾಗ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳಿರಿ.

ಹಳೆಯ ಕೊಳಾಯಿಗಾರ

ಎರಡನೆಯ ಪ್ರಶ್ನೆಗೆ ನೇರ ಉತ್ತರವೆಂದರೆ, ಜೋಡಿಸಬಾರದು. ಈಗಿರುವ ಮುಚ್ಚಿದ, ಒತ್ತಡದ ಪೈಪುಗಳಿಗೆ ಸೌದೆ ಬಾಯ್ಲರನ್ನು ಹಾಗೆಯೇ ಸೇರಿಸುವುದು ಅಪಾಯಕಾರಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ವಿನ್ಯಾಸ ನಿಂತಿರುವುದೇ ಈ ಒಂದು ಸಂಗತಿಯ ಮೇಲೆ.

ಗ್ಯಾಸ್ ಬಾಯ್ಲರಿಗೆ ಶಾಖ ಸಾಕು ಎನಿಸಿದಾಗ ಅದು ಉರಿ ನಿಲ್ಲಿಸುತ್ತದೆ. ಸೌದೆಯ ಬೆಂಕಿಗೆ ಅಂಥ ಸ್ವಿಚ್ ಇಲ್ಲ. ಗಾಳಿಯ ಕಿಂಡಿ ಮುಚ್ಚಿದರೂ ಒಳಗಿರುವ ಸೌದೆ ಮತ್ತು ಕೆಂಡ ಬಹಳ ಹೊತ್ತು ಶಾಖ ಕೊಡುತ್ತಲೇ ಇರುತ್ತವೆ. ಆಗತಾನೇ ಐದು ಕಿಲೋ ಸೌದೆ ಹಾಕಿದ್ದೀರಿ ಎನ್ನೋಣ. ಮೇಲಿನ ಲೆಕ್ಕದ ಪ್ರಕಾರ ಅದರಿಂದ ನೀರಿಗೆ ಇನ್ನೂ ಸುಮಾರು ಹತ್ತು ಯೂನಿಟ್ ಬರುವುದು ಬಾಕಿಯಿದೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಪಂಪ್ ನಿಂತರೆ? ಬಾಯ್ಲರಿನ ಕವಚದಲ್ಲಿ 20 ಲೀಟರ್ ನೀರಿದೆ ಎಂದಾದರೆ, ಅದು 70 ಡಿಗ್ರಿಯಿಂದ 100 ಡಿಗ್ರಿಗೆ ಏರಲು 0.7 ಯೂನಿಟ್ ಸಾಕು. 9 ಕಿಲೋವ್ಯಾಟ್ ಉರಿಯಲ್ಲಿ ಇದಕ್ಕೆ ಐದು ನಿಮಿಷವೂ ಬೇಡ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಪೈಪಿನೊಳಗೆ ಇದು ನಡೆದರೆ ಏನಾದೀತೆಂದು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಸೌದೆ ಒಲೆಯ ನೀರಿನ ಸುತ್ತು ಬೇರೆಯೇ ಆಗಿರಬೇಕು, ಮತ್ತು ಅದು ಮೇಲ್ಗಡೆ ತೆರೆದಿರಬೇಕು. ಬಾಯ್ಲರಿನಿಂದ ಹೊರಟ ಒಂದು ಪೈಪು ನಡುವೆ ಎಲ್ಲಿಯೂ ವಾಲ್ವ್ ಇಲ್ಲದೆ, ಎಲ್ಲಿಯೂ ಕೆಳಗಿಳಿಯದೆ, ಮನೆಯ ಮೇಲಿನ ಪುಟ್ಟ ತೊಟ್ಟಿಯ ಬಾಯಿಯ ತನಕ ಏರಬೇಕು. ಬಿಸಿಯಾದ ನೀರು ಹಿಗ್ಗಲೂ, ಅತಿಯಾಗಿ ಕಾದಾಗ ಆವಿ ಹೊರಗೆ ಹೋಗಲೂ ಅದೇ ದಾರಿ. ಒಳಗೆ ಕಡಿಮೆಯಾದ ನೀರನ್ನು ತೊಟ್ಟಿ ತುಂಬಿಕೊಡುತ್ತದೆ. ಆ ತೊಟ್ಟಿ ಕುದಿಯುವ ನೀರನ್ನು ತಡೆದುಕೊಳ್ಳುವ ಬಗೆಯದ್ದಾಗಿರಬೇಕು, ತೆಳು ಪ್ಲಾಸ್ಟಿಕ್ಕಿನದು ಸಲ್ಲದು.

ಇದರ ಜೊತೆಗೆ ಪಂಪ್ ಇಲ್ಲದೆಯೇ ನೀರು ತಾನಾಗಿ ಸುತ್ತುವ ಒಂದು ದಾರಿ ಇರಬೇಕು. ಬಿಸಿ ನೀರು ಹಗುರವಾಗಿ ಮೇಲೇರುತ್ತದೆ, ತಣಿದದ್ದು ಭಾರವಾಗಿ ಕೆಳಗಿಳಿಯುತ್ತದೆ. 28 ಮಿಲಿಮೀಟರ್ ತಾಮ್ರದ ಪೈಪನ್ನು ಬಾಯ್ಲರಿನಿಂದ ಮೇಲಿನ ಅಂತಸ್ತಿನ ಬಿಸಿನೀರಿನ ಸಿಲಿಂಡರಿಗೋ ಒಂದು ರೇಡಿಯೇಟರಿಗೋ ನಿರಂತರ ಏರಿನಲ್ಲಿ ಒಯ್ದರೆ ಈ ಹರಿವು ತಾನಾಗಿ ನಡೆಯುತ್ತದೆ. ಆ ರೇಡಿಯೇಟರಿಗೆ ಯಾವ ಕೀಲಿಯನ್ನೂ (ನೀರು ನಿಲ್ಲಿಸುವ ವಾಲ್ವನ್ನೂ) ಹಾಕಬಾರದು, ಏಕೆಂದರೆ ಕೀಲಿಯಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಅದನ್ನು ಮುಚ್ಚಿಯೇ ಮುಚ್ಚುತ್ತಾರೆ. ಕೆಲಸ ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಸರಳವಾದದ್ದು. ಪಂಪಿನ ಪ್ಲಗ್ ಕಿತ್ತು, ಸಣ್ಣದಾಗಿ ಉರಿ ಹಾಕಿ, ಮೇಲಿನ ಕೋಣೆಯಲ್ಲಿ ಆ ಪೈಪಿನ ಮೇಲೆ ಕೈಯಿಟ್ಟು ಕಾಯುತ್ತೇನೆ. ಮೊದಲು ಏರುವ ಪೈಪು ಬೆಚ್ಚಗಾಗಿ, ಬಳಿಕ ಕೈಯಿಡಲಾಗದಷ್ಟು ಕಾದು, ಸ್ವಲ್ಪ ಹೊತ್ತಿಗೆ ಇಳಿಯುವ ಪೈಪಿಗೂ ಶಾಖ ತಾಗಬೇಕು. ಏರುವ ಪೈಪು ಸುಡುತ್ತಿದ್ದು ಇಳಿಯುವ ಪೈಪು ತಣ್ಣಗೇ ಉಳಿದರೆ ಎಲ್ಲೋ ಒಂದು ತಿರುವಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಸರಿಪಡಿಸದೆ ಒಲೆಯನ್ನು ಮನೆಯವರ ಕೈಗೆ ಒಪ್ಪಿಸುವಂತಿಲ್ಲ.

ಹೀಗೆ ಪ್ರತ್ಯೇಕವಾಗಿ ಕಾದ ನೀರಿನ ಶಾಖವನ್ನು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಮೂಲಕ ಗ್ಯಾಸ್ ಬಾಯ್ಲರಿನ ಮುಚ್ಚಿದ ಸುತ್ತಿಗೆ ದಾಟಿಸಬಹುದು. ಎರಡೂ ಸುತ್ತುಗಳ ನೀರು ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಒಲೆಯ ಪೈಪಿಗೆ ಒಂದು ಥರ್ಮೋಸ್ಟಾಟ್ ಕಟ್ಟಿ, ನೀರು 60 ಡಿಗ್ರಿ ದಾಟಿದ ಮೇಲೆ ಮಾತ್ರ ಪಂಪ್ ಓಡುವಂತೆ ಮಾಡುತ್ತೇವೆ. ಇಲ್ಲವಾದರೆ ಉರಿ ಆರಿದ ಮೇಲೆ ಪಂಪ್ ತಿರುಗಿ, ರೇಡಿಯೇಟರಿನ ಶಾಖವನ್ನು ಒಲೆಯ ಮೂಲಕ ಚಿಮಣಿಗೆ ಕಳಿಸಿಬಿಡುತ್ತದೆ.

ಸಂದೇಹಿ

ಕೊಳಾಯಿಗಾರರೇ, ಪಂಪಿಗೆ ಬ್ಯಾಟರಿಯ ಯುಪಿಎಸ್ ಇಟ್ಟರೆ ಈ ಏರು ಪೈಪು, ಕೀಲಿಯಿಲ್ಲದ ರೇಡಿಯೇಟರ್ ಇವೆಲ್ಲ ಬೇಕಾಗುತ್ತವೆಯೇ?

ಹಳೆಯ ಕೊಳಾಯಿಗಾರ

ಬೇಕು. ಪಂಪ್ ನಿಲ್ಲಲು ಕರೆಂಟ್ ಹೋಗುವುದೊಂದೇ ಕಾರಣವಲ್ಲ. ಅದರ ಚಕ್ರ ಹಿಡಿದುಕೊಳ್ಳಬಹುದು, ಥರ್ಮೋಸ್ಟಾಟಿನ ತಂತಿ ಸಡಿಲವಾಗಬಹುದು, ಪೈಪಿನಲ್ಲಿ ಗಾಳಿ ಸೇರಬಹುದು. ಯುಪಿಎಸ್ ಇರಲಿ, ಒಳ್ಳೆಯದೇ, ಆದರೆ ಅದನ್ನು ನಂಬಿ ಉಳಿದದ್ದನ್ನು ಬಿಡುವಂತಿಲ್ಲ. ಮುಚ್ಚಿದ ಸುತ್ತಿನಲ್ಲಿಯೂ ಬಳಸಬಹುದು ಎಂದು ತಯಾರಕರೇ ಬರೆದುಕೊಟ್ಟ ಕೆಲವು ಒಲೆಗಳಿವೆ. ಅವುಗಳೊಳಗೆ ತಣ್ಣೀರಿನ ಸುರುಳಿಯೊಂದಿರುತ್ತದೆ. ನೀರು ಸುಮಾರು 95 ಡಿಗ್ರಿ ಮುಟ್ಟಿದಾಗ ಒಂದು ವಾಲ್ವ್ ತಾನಾಗಿ ತೆರೆದು ತಣ್ಣೀರು ಹರಿದು ಬಾಯ್ಲರನ್ನು ತಣಿಸುತ್ತದೆ. ಆದರೆ ಆ ತಣ್ಣೀರು ಕರೆಂಟ್ ಇಲ್ಲದಾಗಲೂ ಬರುವಂತಿರಬೇಕು. ಸ್ವಂತ ಬಾವಿಯ ಮೋಟರಿನಿಂದ ನೀರೆತ್ತುವ ಮನೆಗಳಲ್ಲಿ ಈ ವ್ಯವಸ್ಥೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಒಲೆಯ ಮುಂದೆ

ಪೈಪಿನ ಮಾತು ಚೆನ್ನಾಗಿ ನಡೆಯುತ್ತಿದೆ. ಆದರೆ ಅಡುಗೆಯ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ, ಹಲವು ವರ್ಷಗಳಿಂದ ಬಾಯ್ಲರ್ ಇರುವ ಸೌದೆ ರೇಂಜಿನಲ್ಲಿಯೇ ಅಡುಗೆ ಮಾಡುತ್ತಿರುವ ನಾನು ನಾಲ್ಕು ಮಾತು ಸೇರಿಸುತ್ತೇನೆ.

ಬೆಂಕಿ ಒಂದೇ, ಅದರ ಮೇಲೆ ಹಕ್ಕು ಸಾಧಿಸುವವರು ಮೂವರು: ಮೇಲಿನ ತಟ್ಟೆ, ಓವನ್ ಮತ್ತು ನೀರು. ಮೂವರಲ್ಲಿ ನೀರಿನಷ್ಟು ದಾಹ ಇನ್ನಾರಿಗೂ ಇಲ್ಲ. ಬೆಂಕಿಗೂಡಿನ ಎರಡು ಮೂರು ಬದಿಗಳಲ್ಲಿ 60-70 ಡಿಗ್ರಿಯ ನೀರು ನಿಂತಿರುವಾಗ, ನೂರಾರು ಡಿಗ್ರಿಯ ಜ್ವಾಲೆ ಆ ಗೋಡೆಗೆ ತಾಗಿದ ಕೂಡಲೇ ತಣಿಯುತ್ತದೆ. ಹೊಗೆಯೊಳಗಿನ ಅನಿಲಗಳು ಪೂರ್ತಿ ಉರಿಯುವ ಮೊದಲೇ ತಣಿಯುವುದರಿಂದ ಓವನನ್ನು ಸುತ್ತಿ ಹೋಗುವ ಹೊಗೆಯಲ್ಲಿಯೂ ಬಿಸಿ ಕಡಿಮೆಯಾಗಿರುತ್ತದೆ. ಚಳಿಗಾಲದ ಬೆಳಗ್ಗೆ ಮನೆಯ ರೇಡಿಯೇಟರ್‌ಗಳೆಲ್ಲ ತಣ್ಣಗಿರುವಾಗ ಉರಿ ಹಾಕಿದರೆ ನನ್ನ ಓವನ್ 200 ಡಿಗ್ರಿಗೆ ಏರಲು ಬಹಳ ಹೊತ್ತು ಹಿಡಿಯುತ್ತದೆ, ಬೇಕ್ ಮಾಡುವ ಯೋಜನೆ ಇದ್ದ ದಿನ ಪಂಪನ್ನು ತಡವಾಗಿ ಓಡಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು. ಅಡುಗೆಗೆ ಬೆಂಕಿ ಬೇಕು, ನೀರಿಗೆ ಶಾಖ ಬೇಡ. ಕೆಲವು ಒಲೆಗಳಲ್ಲಿ ಬೆಂಕಿಯ ಜಾಲರಿಯನ್ನು ಹಿಡಿಕೆ ತಿರುಗಿಸಿ ಮೇಲೆತ್ತಬಹುದು. ಆಗ ಬೆಂಕಿ ತಟ್ಟೆಯ ಹತ್ತಿರಕ್ಕೆ ಬರುತ್ತದೆ, ಬಾಯ್ಲರಿನ ಗೋಡೆಗೆ ತಾಗುವ ಭಾಗ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಅದೇ ಜಾಲರಿಯನ್ನು ಕೆಳಗಿಳಿಸಿದರೆ ಹೆಚ್ಚು ಸೌದೆ ಹಿಡಿಯುತ್ತದೆ, ನೀರೂ ಚೆನ್ನಾಗಿ ಕಾಯುತ್ತದೆ. ಈ ಸೌಲಭ್ಯವಿಲ್ಲದ ಬಾಯ್ಲರ್ ಒಲೆಯನ್ನು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ.

ನನ್ನ ನಿಜವಾದ ಸಲಹೆ ಇನ್ನೊಂದು. ಸೌದೆಮನೆಯವರೇ, ಬಾಯ್ಲರ್ ಇಲ್ಲದ ಸಾದಾ ರೇಂಜನ್ನು ಏಕೆ ಯೋಚಿಸಬಾರದು? ಏಳೆಂಟು ಕಿಲೋವ್ಯಾಟಿನ ಒಲೆಯೊಂದು ಅಡುಗೆಮನೆಯನ್ನೂ, ಬಾಗಿಲು ತೆರೆದಿಟ್ಟರೆ ಪಕ್ಕದ ಕೋಣೆಗಳನ್ನೂ, ಮೆಟ್ಟಿಲ ಮೂಲಕ ಮೇಲಂತಸ್ತನ್ನೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ. ಅಷ್ಟು ಹೊತ್ತು ಗ್ಯಾಸ್ ಉಳಿದೇ ಉಳಿಯುತ್ತದೆ. ತೊಟ್ಟಿ ಬೇಡ, ಪಂಪ್ ಬೇಡ, ನೀರು ಕುದಿಯುವ ಹೆದರಿಕೆಯೂ ಇಲ್ಲ. ಸ್ವೀಡನ್‌ನ ಗುಸ್ತಾಫ್ ದಾಲೇನ್ 1922ರಲ್ಲಿ ರೂಪಿಸಿದ ಆಗಾ ಒಲೆಯ ತತ್ತ್ವವೂ ಭಾರವಾದ ಕಬ್ಬಿಣದಲ್ಲಿ ಶಾಖವನ್ನು ಕೂಡಿಟ್ಟು ಅಡುಗೆಗೆ ಕೊಡುವುದೇ ಆಗಿತ್ತು; ಮನೆಯ ರೇಡಿಯೇಟರ್‌ಗಳನ್ನು ಕಾಯಿಸುವ ಹೊಣೆಯನ್ನು ಆತ ಅದರ ಮೇಲೆ ಹೊರಿಸಿರಲಿಲ್ಲ.

ಶಾಖಗಣಿತ

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಬಾಯ್ಲರ್ ಇಲ್ಲದ ಒಲೆ ಏಳೆಂಟು ಕಿಲೋವ್ಯಾಟನ್ನು ಒಂದೇ ಕೋಣೆಗೆ ಸುರಿಯುತ್ತದೆ. ಹದವಾಗಿ ಶಾಖ ತಡೆದಿರುವ ಅಡುಗೆಮನೆಗೆ ಎರಡು ಕಿಲೋವ್ಯಾಟ್ ಸಾಕಾಗುವಾಗ, ಉಳಿದದ್ದು ದೂರದ ಮಲಗುವ ಕೋಣೆಯನ್ನು ತಲುಪುವ ಮೊದಲು ಅಡುಗೆಮನೆಯಲ್ಲಿ ಇರುವವರು ಕಿಟಕಿ ತೆರೆದಿರುತ್ತಾರೆ. ನೀರಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ, ಅದು ಶಾಖವನ್ನು ಗೋಡೆ ಬಾಗಿಲುಗಳ ಹಂಗಿಲ್ಲದೆ ಒಯ್ಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಮುಖ್ಯವಾದದ್ದು. ಯಾವ ಬಗೆಯ ಒಲೆ ಹಾಕಿದರೂ ಗ್ಯಾಸ್ ಬಾಯ್ಲರಿನ ಥರ್ಮೋಸ್ಟಾಟ್ ಅಡುಗೆಮನೆಯಲ್ಲಾಗಲಿ, ಅದರ ಪಕ್ಕದ ಹಾದಿಯಲ್ಲಾಗಲಿ ಇರಬಾರದು. ಅಲ್ಲಿದ್ದರೆ ಒಲೆಯ ಶಾಖ ತಾಗಿ ಬಾಯ್ಲರ್ ನಿಂತು, ಮೇಲಿನ ಕೋಣೆಗಳು ತಣ್ಣಗಾಗುತ್ತವೆ. ಕಡೆಗೆ ಎಲ್ಲರೂ ಒಲೆಯನ್ನೇ ಬೈಯುತ್ತಾರೆ.

ಸೌದೆಮನೆ

ಎಲ್ಲರ ಉತ್ತರಗಳಿಗೂ ಕೃತಜ್ಞತೆಗಳು. ‘ಒಲೆಯ ಮುಂದೆ’ ಅವರ ಮಾತು ಮನೆಯಲ್ಲಿ ಚರ್ಚೆಗೆ ಕಾರಣವಾಗಿದೆ. ಅಡುಗೆ ಮಾಡುವವರು ಅವರ ಪರ, ಮೇಲಿನ ಕೋಣೆಯಲ್ಲಿ ಓದುವವರು ಶಾಖಗಣಿತದವರ ಪರ. ಇನ್ನೊಂದು ಸಂದೇಹವಿದೆ. ರಾತ್ರಿ ಮಲಗುವ ಮುನ್ನ ಒಲೆಯ ತುಂಬ ಸೌದೆ ಹಾಕಿ, ಗಾಳಿಯ ಕಿಂಡಿಯನ್ನು ಬಿಗಿಯಾಗಿ ಮುಚ್ಚಿದರೆ ಬೆಳಗಿನವರೆಗೂ ನೀರು ಬೆಚ್ಚಗಿರುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಇದು ಸರಿಯಾದ ಕ್ರಮವೇ?

ಮಸಿ ಕೊಡಹುವವ

ದಯವಿಟ್ಟು ಹಾಗೆ ಮಾಡಬೇಡಿರಿ. ಚಿಮಣಿ ಶುಚಿ ಮಾಡುವುದು ನನ್ನ ವೃತ್ತಿ. ರಾತ್ರಿ ಗಾಳಿ ಮುಚ್ಚಿ ಕುಮುಲಿಸಿದ ಒಲೆ ಯಾವುದು, ಗಾಳಿ ಕೊಟ್ಟು ಉರಿಸಿದ್ದು ಯಾವುದು ಎಂಬುದನ್ನು ಬಾಗಿಲು ತೆರೆದ ಕೂಡಲೇ ಹೇಳಬಲ್ಲೆ.

ಚೆನ್ನಾಗಿ ಉರಿದ ಒಲೆಯಲ್ಲಿ ಬಾಯ್ಲರಿನ ಗೋಡೆಯ ಮೇಲೆ ಬೂದು ಅಥವಾ ಕಂದು ಬಣ್ಣದ ಒಣಪುಡಿ ತೆಳ್ಳಗೆ ಕೂತಿರುತ್ತದೆ, ಬ್ರಷ್ ಆಡಿಸಿದರೆ ಉದುರುತ್ತದೆ. ಕುಮುಲಿದ ಒಲೆಯ ಗೋಡೆ ಕರಿ ಮೆರುಗು ಬಳಿದಂತೆ ಹೊಳೆಯುತ್ತದೆ. ಕೆರೆದರೆ ಬ್ರಷ್ ಜಾರುತ್ತದೆ, ಕೆರೆಯುವ ಉಳಿಗೆ ಮಾತ್ರ ಗಾಜಿನ ಚೂರಿನಂತೆ ಸಿಡಿದು ಬರುತ್ತದೆ. ಇನ್ನೂ ಕೆಟ್ಟ ಸ್ಥಿತಿಯಲ್ಲಿ ಹೊಗೆಕೊಳವೆಯ ಜೋಡಣೆಗಳಿಂದ ಕಂದು ದ್ರವ ಜಿನುಗಿ ಒಲೆಯ ಹಿಂಭಾಗಕ್ಕೆ ಇಳಿದು ಒಣಗಿರುತ್ತದೆ, ಅದರ ಕಟುವಾಸನೆ ಕೋಣೆ ಬಿಟ್ಟು ಹೋಗುವುದಿಲ್ಲ. ಇದೆಲ್ಲ ಉರಿಯದೆ ಹೋದ ಸೌದೆಯ ಸತ್ತ್ವವೇ. ಕೋಣೆಗೆ ಬರಬೇಕಾದ ಶಾಖ ಅಂಟಾಗಿ ಚಿಮಣಿಗೆ ಮೆತ್ತಿಕೊಂಡಿದೆ. ಮುಂದೊಂದು ದಿನ ಜೋರು ಉರಿ ಹಾಕಿದಾಗ ಕಿಡಿಯೊಂದು ತಾಗಿ ಆ ಅಂಟು ಹೊತ್ತಿಕೊಂಡರೆ ಚಿಮಣಿಯ ಒಳಗಿನ ತಾಪ 1,000 ಡಿಗ್ರಿ ದಾಟಬಲ್ಲದು.

ಬಾಯ್ಲರ್ ಇರುವ ಒಲೆಗೆ ಈ ಕಾಟ ಇನ್ನೂ ಹೆಚ್ಚು. ಸೌದೆಯ ಹೊಗೆಯಲ್ಲಿ ಯಾವಾಗಲೂ ನೀರಾವಿ ಇರುತ್ತದೆ. ರೇಡಿಯೇಟರ್‌ಗಳಿಂದ 30-40 ಡಿಗ್ರಿಯ ತಣ್ಣನೆಯ ನೀರು ನೇರವಾಗಿ ಬಾಯ್ಲರಿಗೆ ಮರಳಿದರೆ, ಅದರ ಗೋಡೆಯ ಮೇಲೆ ಆವಿ ಹನಿಗಟ್ಟಿ, ಟಾರಿನೊಂದಿಗೆ (ಮೇಲೆ ಹೇಳಿದ ಅಂಟಿನೊಂದಿಗೆ) ಬೆರೆತು, ಆಮ್ಲದಂತೆ ಉಕ್ಕನ್ನು ತಿನ್ನುತ್ತದೆ. ಮರಳುವ ನೀರು ಎಂದಿಗೂ 55-60 ಡಿಗ್ರಿಗಿಂತ ಕೆಳಗಿರಬಾರದು. ಅದಕ್ಕಾಗಿ ಬಾಯ್ಲರಿನ ಬಿಸಿ ನೀರನ್ನೇ ಒಂದಿಷ್ಟು ಮರಳುವ ನೀರಿಗೆ ಬೆರೆಸುವ ಮಿಕ್ಸಿಂಗ್ ವಾಲ್ವ್ ಸಿಗುತ್ತದೆ. ಇದನ್ನು ಹಾಕದೆ ಹಣ ಉಳಿಸುವವರು ಕೆಲವೇ ವರ್ಷಗಳಲ್ಲಿ ಬಾಯ್ಲರನ್ನು ಬದಲಿಸಬೇಕಾಗುತ್ತದೆ.

ನಿಮ್ಮ ಚಿಮಣಿ ಒಳಗೋಡೆಯಲ್ಲಿರುವುದು ಒಳ್ಳೆಯದು, ಹೊರಗೋಡೆಯ ಚಿಮಣಿಯಂತೆ ಬೇಗ ತಣಿಯುವುದಿಲ್ಲ. ಆದರೆ ಹಳೆಯ ಇಟ್ಟಿಗೆಯ ಚಿಮಣಿ ಒಲೆಗೆ ಹೋಲಿಸಿದರೆ ಅಗಲವಾಗಿರುತ್ತದೆ. ಹೊಗೆ ನಿಧಾನವಾಗಿ ಏರಿ ತಣಿಯುತ್ತದೆ. ಒಲೆಯ ಹೊಗೆಬಾಯಿಯ ಅಳತೆಗೆ ತಕ್ಕ, ಸಾಮಾನ್ಯವಾಗಿ 150 ಮಿಲಿಮೀಟರ್ ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಒಳಗೆ ಇಳಿಸಿ, ಸುತ್ತ ಶಾಖನಿರೋಧಕ ತುಂಬಿಸಿರಿ. ವರ್ಷಕ್ಕೆ ಎರಡು ಬಾರಿ ಶುಚಿ ಮಾಡಿಸಿರಿ. ಇಂಗಾಲದ ಮಾನಾಕ್ಸೈಡ್ ಪತ್ತೆಮಾಡುವ ಅಲಾರಂ ಅಡುಗೆಮನೆಯಲ್ಲಿ ಇರಲೇಬೇಕು. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್ ಚಿಮಣಿಗಿಂತ ಬಲವಾಗಿ ಗಾಳಿ ಎಳೆದರೆ ಒಲೆಯ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ಆದ್ದರಿಂದ ಒಲೆಗೆ ಹೊರಗಿನ ಗಾಳಿ ಬರುವ ಶಾಶ್ವತ ಕಿಂಡಿಯೂ ಬೇಕು.

ಹಳೆಯ ಕೊಳಾಯಿಗಾರ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈಗಿನ ಕಂಡೆನ್ಸಿಂಗ್ ಗ್ಯಾಸ್ ಬಾಯ್ಲರಿಗೆ ಮರಳುವ ನೀರು 55 ಡಿಗ್ರಿಗಿಂತ ತಣ್ಣಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಹೊಗೆಯ ಆವಿಯನ್ನು ಹನಿಗಟ್ಟಿಸಿ ಅದರ ಶಾಖವನ್ನೂ ಹೀರುವುದೇ ಅದರ ವಿಶೇಷ. ಸೌದೆ ಬಾಯ್ಲರಿಗೆ ಅದೇ ಹನಿ ವಿಷ. ಒಂದಕ್ಕೆ ತಂಪು ಬೇಕು, ಇನ್ನೊಂದಕ್ಕೆ ಬಿಸಿ ಬೇಕು. ಇಬ್ಬರನ್ನೂ ಒಂದೇ ಹೊತ್ತಿನಲ್ಲಿ ಒಂದೇ ಸುತ್ತಿನಲ್ಲಿ ದುಡಿಸುವ ಬದಲು, ಸೌದೆ ಉರಿಯುವಾಗ ಗ್ಯಾಸ್ ಸುಮ್ಮನಿರುವಂತೆ, ಸೌದೆ ಆರಿದ ಮೇಲೆ ಗ್ಯಾಸ್ ಎದ್ದೇಳುವಂತೆ ಕಂಟ್ರೋಲ್ ಹೊಂದಿಸುವುದು ಉಚಿತ.

ಶಾಖಗಣಿತ

ರಾತ್ರಿಯಿಡೀ ಬೆಚ್ಚಗಿರಬೇಕು ಎಂಬ ಆಸೆಗೆ ಉತ್ತರ ಕುಮುಲಿಸುವುದಲ್ಲ, ಶಾಖವನ್ನು ನೀರಿನಲ್ಲಿ ಕೂಡಿಡುವುದು. ಚೆನ್ನಾಗಿ ಶಾಖ ತಡೆದ ದೊಡ್ಡ ಬಫರ್ ಟ್ಯಾಂಕೊಂದನ್ನು ಒಲೆಗೂ ರೇಡಿಯೇಟರ್‌ಗಳಿಗೂ ನಡುವೆ ಇಟ್ಟರೆ, ಸಂಜೆ ಜೋರಾಗಿ, ಶುಚಿಯಾಗಿ ಉರಿಸಿದ ಶಾಖವನ್ನು ಬೆಳಗಿನ ಜಾವದಲ್ಲಿ ತೆಗೆದುಕೊಳ್ಳಬಹುದು. ನೀರಿಗೆ ಹೋಗುವ ಪ್ರತಿ ಕಿಲೋವ್ಯಾಟಿಗೆ 50 ಲೀಟರ್ ಎಂಬುದು ಬಳಕೆಯಲ್ಲಿರುವ ಅಂದಾಜು. ನಿಮ್ಮ 9 ಕಿಲೋವ್ಯಾಟಿಗೆ 500 ಲೀಟರ್ ಎನ್ನೋಣ. ಅಷ್ಟು ನೀರನ್ನು 40 ಡಿಗ್ರಿಯಿಂದ 80 ಡಿಗ್ರಿಗೆ ಏರಿಸಿದರೆ 23 ಯೂನಿಟ್ ಹಿಡಿಯುತ್ತದೆ. ಅಂದರೆ ರೇಡಿಯೇಟರ್‌ಗಳೆಲ್ಲ ಮುಚ್ಚಿದ್ದರೂ ಎರಡೂವರೆ ಗಂಟೆಯ ಉರಿಯನ್ನು ಅದು ನುಂಗಿಕೊಳ್ಳುತ್ತದೆ. ಕೊಳಾಯಿಗಾರರು ಹೇಳಿದ ಐದು ನಿಮಿಷದ ಲೆಕ್ಕದೊಂದಿಗೆ ಇದನ್ನು ಹೋಲಿಸಿ ನೋಡಿರಿ. ಹಾಗೆಂದು ಟ್ಯಾಂಕ್ ಇದ್ದರೆ ತೆರೆದ ಪೈಪು ಬೇಡ ಎಂದಲ್ಲ. ಪಂಪ್ ನಿಂತರೆ ಶಾಖ ಟ್ಯಾಂಕಿಗೂ ತಲುಪುವುದಿಲ್ಲ.

ಟ್ಯಾಂಕ್ ತುಂಬಿದಾಗ ಅದರ ತೂಕ ಅರ್ಧ ಟನ್ ಮೀರುತ್ತದೆ, ಮರದ ನೆಲದ ಮೇಲೆ ಇಡುವ ಮೊದಲು ವಿಚಾರಿಸಿಕೊಳ್ಳಿರಿ.

ಸಂದೇಹಿ

ನಮ್ಮ ಮನೆಯಲ್ಲಿ ಗ್ಯಾಸಿನ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನ ನೆರವಿನಿಂದ ಒಳಕ್ಕೆ ತರುವ ಯಂತ್ರ) ಇದೆ. ಇದೇ ವ್ಯವಸ್ಥೆ ನಮಗೂ ಹೊಂದುತ್ತದೆಯೇ?

ಶಾಖಗಣಿತ

ಹೊಂದುತ್ತದೆ, ಆದರೆ ಟ್ಯಾಂಕ್ ಇಲ್ಲದೆ ಆಗುವುದಿಲ್ಲ. ಹೀಟ್ ಪಂಪ್ 35-45 ಡಿಗ್ರಿಯ ನೀರು ಕೊಡುವಾಗ ಮಿತವ್ಯಯಿ, ಅದಕ್ಕಿಂತ ಬಿಸಿ ಕೇಳಿದಷ್ಟೂ ಕರೆಂಟ್ ಹೆಚ್ಚು ತಿನ್ನುತ್ತದೆ. ಸೌದೆಯ 70-80 ಡಿಗ್ರಿಯ ನೀರನ್ನು ಟ್ಯಾಂಕಿನ ಮೇಲ್ಭಾಗಕ್ಕೆ ಕೊಟ್ಟು, ಹೀಟ್ ಪಂಪಿಗೆ ಕೆಳಭಾಗದ ತಂಪು ನೀರನ್ನೇ ಬಿಟ್ಟುಕೊಡಬೇಕು. ನೆಲದಡಿಯ ಪೈಪುಗಳಿಂದ ಮನೆ ಕಾಯಿಸುವವರಾದರೆ ಟ್ಯಾಂಕಿನಿಂದ ಹೊರಡುವ ನೀರನ್ನು ಮಿಕ್ಸಿಂಗ್ ವಾಲ್ವಿನಿಂದ ತಣಿಸಿಯೇ ಕಳಿಸಬೇಕು. 80 ಡಿಗ್ರಿಯ ನೀರು ನೆಲಕ್ಕೂ ಸಲ್ಲದು, ಕಾಲಿಗೂ ಸಲ್ಲದು.

ನೆರೆಮನೆ

ಹೊಗೆಯ ವಿಷಯವನ್ನೂ ಗಮನಿಸಬೇಕಾಗಿ ಕೋರುತ್ತೇನೆ. ಸೌದೆಯ ಹೊಗೆಯಲ್ಲಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳಿರುತ್ತವೆ, ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ, ಒಲೆಯ ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಮನೆಯೊಳಗೂ ಸೇರುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿ 1ರಿಂದ ಮಾರುಕಟ್ಟೆಗೆ ಬರುವ ಹೊಸ ಸೌದೆ ಒಲೆಗಳಿಗೆ, ಅಡುಗೆ ರೇಂಜ್‌ಗಳೂ ಸೇರಿದಂತೆ, ಕಣಗಳ ಮತ್ತು ದಕ್ಷತೆಯ ಮಿತಿಗಳನ್ನು ವಿಧಿಸಲಾಗಿದೆ. ಬೇರೆ ಕಡೆಗಳಲ್ಲಿ ನಿಯಮಗಳು ಬೇರೆ. ಕೆಲವು ಊರುಗಳಲ್ಲಿ ಸೌದೆ ಉರಿಸುವುದಕ್ಕೇ ನಿರ್ಬಂಧವಿದೆ. ಮನೆಗಳು ಒತ್ತೊತ್ತಾಗಿರುವ ಕಡೆ ನಿಮ್ಮ ಉಳಿತಾಯ ಪಕ್ಕದವರ ಕೆಮ್ಮಾಗುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಒಲೆಯೊಂದನ್ನು ಅಗ್ಗಕ್ಕೆ ಸಿಗುತ್ತದೆಂದು ತರುವವರು ಇದನ್ನು ಮರೆಯದಿರಲಿ.

ಮಸಿ ಕೊಡಹುವವ

ನೆರೆಮನೆಯವರ ಮಾತು ನಿಜ. ಆದರೆ ಹೊಗೆಯ ಬಹುಪಾಲು ಒಲೆಯ ವಯಸ್ಸಿನಿಂದಲ್ಲ, ಹಸಿ ಸೌದೆಯಿಂದ ಮತ್ತು ಗಾಳಿ ಮುಚ್ಚುವ ಅಭ್ಯಾಸದಿಂದ ಬರುತ್ತದೆ ಎಂಬುದು ನನ್ನ ಅನುಭವ. ಸೌದೆಯನ್ನು ತೇವಾಂಶದ ಮೀಟರಿನಿಂದ ನೋಡುವಾಗ ಹೊರಮೈಗೆ ಚುಚ್ಚಬೇಡಿರಿ, ಅದು ಯಾವಾಗಲೂ ಒಣಗಿದಂತೆಯೇ ತೋರುತ್ತದೆ. ತುಂಡನ್ನು ಸೀಳಿ, ಆಗತಾನೇ ತೆರೆದುಕೊಂಡ ಒಳಮೈಯ ನಡುವಿಗೆ ಚುಚ್ಚಿ ನೋಡಿರಿ. ಅಲ್ಲಿ 20ಕ್ಕಿಂತ ಕೆಳಗೆ ತೋರಿಸಿದರೆ ಮಾತ್ರ ಒಲೆಗೆ ಹಾಕಿರಿ. ಹೊಗೆಕೊಳವೆಗೆ ಅಂಟಿಸುವ ಥರ್ಮಾಮೀಟರ್ ಕೂಡ ಇಟ್ಟುಕೊಳ್ಳಿರಿ. ಅದರ ಮುಳ್ಳು ಬಹಳ ಹೊತ್ತು 120 ಡಿಗ್ರಿಗಿಂತ ಕೆಳಗೇ ಉಳಿದರೆ ಟಾರ್ ಕಟ್ಟುತ್ತಿದೆ ಎಂದು ತಿಳಿಯಬೇಕು. ಸೌದೆ ಬೂದಿಯ ಹಾಸಿಗೆಯ ಮೇಲೆ, ಮೇಲಿನಿಂದ ಬರುವ ಗಾಳಿಯಲ್ಲಿ ಚೆನ್ನಾಗಿ ಉರಿಯುತ್ತದೆ. ದಿನವೂ ಬೂದಿಯನ್ನು ಪೂರ್ತಿ ಬಳಿದು ತೆಗೆಯುವ ಅಗತ್ಯವಿಲ್ಲ.

ಸೌದೆಮನೆ

ಈಗ ವಿಷಯ ಬಹಳಮಟ್ಟಿಗೆ ತಿಳಿಯಾಯಿತು. ಎರಡು ವರ್ಷದ ಸೌದೆ ಒಟ್ಟಲು ಜಾಗವಿದೆ, ಗ್ಯಾಸಿನ ಥರ್ಮೋಸ್ಟಾಟನ್ನು ಮೇಲಂತಸ್ತಿಗೆ ಸರಿಸಬಹುದು. ಉಳಿದಿರುವುದು ಪೈಪಿನ ಪ್ರಶ್ನೆ. ಬಿಸಿನೀರಿನ ಸಿಲಿಂಡರ್ ಮೇಲಂತಸ್ತಿನಲ್ಲಿದ್ದರೂ ಅಡುಗೆಮನೆಯ ನೇರ ಮೇಲಿಲ್ಲ. ಆರು ಮೀಟರಿನಷ್ಟು ಪಕ್ಕಕ್ಕಿದೆ. ಪಂಪ್ ಇಲ್ಲದೆ ನೀರು ಅಷ್ಟು ದೂರ ತಾನಾಗಿ ಹೋಗಿಬರುತ್ತದೆಯೇ? ಅಡುಗೆಮನೆಯ ನೇರ ಮೇಲೆ ಸ್ನಾನದ ಮನೆಯಿದೆ.

ಒಲೆಯ ಮುಂದೆ

ಕೊಳಾಯಿಗಾರರು ಬರುವ ಮೊದಲೇ ಹೇಳಿಬಿಡುತ್ತೇನೆ: ಆರು ಮೀಟರ್ ಎಂದರೆ ಸಾದಾ ರೇಂಜ್ ಕೊಳ್ಳಿರಿ ಎಂದೇ ನನಗೆ ಕೇಳಿಸುತ್ತಿದೆ.

ಹಳೆಯ ಕೊಳಾಯಿಗಾರ

ಅಷ್ಟು ಬೇಗ ಕೈಬಿಡಬೇಕಾಗಿಲ್ಲ. ಆರು ಮೀಟರ್ ಅಡ್ಡ ಓಟಕ್ಕೆ ಸಹಜ ಹರಿವನ್ನು ನಂಬುವುದು ಸರಿಯಲ್ಲ ಎಂಬುದು ನಿಜ. ಏರು ಕಡಿಮೆಯಾಗಿ ಅಡ್ಡದೂರ ಹೆಚ್ಚಾದಷ್ಟೂ ಹರಿವು ಮಂದವಾಗುತ್ತದೆ, ಪೈಪು ಒಂದು ಕಡೆ ಜೋತುಬಿದ್ದರೂ ಅಲ್ಲಿ ಗಾಳಿ ಸೇರುತ್ತದೆ. ಆದರೆ ಸಹಜ ಹರಿವು ಸಿಲಿಂಡರಿಗೇ ಹೋಗಬೇಕೆಂದೇನೂ ಇಲ್ಲ. ನೇರ ಮೇಲಿನ ಸ್ನಾನದ ಮನೆಯಲ್ಲಿ ಕೀಲಿಯಿಲ್ಲದ ದೊಡ್ಡ ರೇಡಿಯೇಟರೊಂದನ್ನು ಹಾಕಿ, ಸಹಜ ಹರಿವಿನ ಸುತ್ತನ್ನು ಅಲ್ಲಿಗೇ ಮುಗಿಸಿರಿ. ಅದು ಸದಾ ಬಿಸಿಯಾಗಿರುವುದರಿಂದ ಟವೆಲ್ ಒಣಗಿಸಲು ಅನುಕೂಲ. ಸಿಲಿಂಡರಿಗೂ ಬಫರ್ ಟ್ಯಾಂಕಿಗೂ ಪಂಪಿನಿಂದ ನೀರು ಕಳಿಸಿರಿ. ಪಂಪ್ ನಿಂತ ದಿನ ಶಾಖವನ್ನೆಲ್ಲ ಆ ಒಂದು ರೇಡಿಯೇಟರ್ ಹೀರಲಾರದು, ನೀರು ಕುದಿಯಲೂಬಹುದು. ಆದರೆ ಉರಿ ಇಳಿಯುವವರೆಗೆ ನೀರು ಚಲಿಸುತ್ತಿರುತ್ತದೆ, ಉಳಿದ ಆವಿಗೆ ತೆರೆದ ಪೈಪಿನ ದಾರಿಯಿದೆ. ರೇಡಿಯೇಟರಿನ ಅಳತೆಯನ್ನು ಒಲೆಯ ತಯಾರಕರ ಸೂಚನೆಯಂತೆಯೇ ತೆಗೆದುಕೊಳ್ಳಿರಿ, ಕೆಲಸವನ್ನು ಘನ ಇಂಧನದ ಒಲೆ ಕೂರಿಸಲು ಪರವಾನಗಿ ಇರುವವರಿಂದಲೇ ಮಾಡಿಸಿರಿ.

ಒಲೆಗೆ ಮುಂಗಡ ಕೊಡುವ ಮೊದಲು ಸ್ನಾನದ ಮನೆಯ ನೆಲದ ಒಂದು ಹಲಗೆ ಎತ್ತಿಸಿ ನೋಡಿರಿ. ಕೆಳಗಿನ ತೊಲೆಗಳು ಪೈಪು ಹೋಗಬೇಕಾದ ದಿಕ್ಕಿನಲ್ಲಿಯೇ ಇದ್ದರೆ ಎರಡು ತೊಲೆಗಳ ನಡುವೆ 28 ಮಿಲಿಮೀಟರ್ ಪೈಪು ಏರಿನಲ್ಲಿ ಸಲೀಸಾಗಿ ಕೂರುತ್ತದೆ. ತೊಲೆಗಳು ಅಡ್ಡವಾಗಿದ್ದರೆ ಅವುಗಳನ್ನು ಕೊರೆಯಬೇಕಾಗುತ್ತದೆ, ಒಂದೊಂದು ತೊಲೆಯಲ್ಲೂ ರಂಧ್ರವನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ಇಟ್ಟುಕೊಂಡು ಹೋಗಬೇಕಾಗುತ್ತದೆ, ತೊಲೆಯ ಬಲವೂ ಕುಗ್ಗುತ್ತದೆ. ಹಾಗಿದ್ದ ಪಕ್ಷದಲ್ಲಿ ‘ಒಲೆಯ ಮುಂದೆ’ ಅವರ ಮಾತಿಗೆ ನಾನೂ ದನಿಗೂಡಿಸುತ್ತೇನೆ.

ಸೌದೆಮನೆ

ಹಲಗೆ ಎತ್ತಿಸಲು ಬಡಗಿಯವರಿಗೆ ಹೇಳಿದ್ದೇನೆ. ತೊಲೆಗಳ ದಿಕ್ಕು ತಿಳಿದ ಮೇಲೆ ಅಳತೆಗಳನ್ನು ಇಲ್ಲಿಯೇ ಬರೆಯುತ್ತೇನೆ. ರೇಡಿಯೇಟರಿನ ಜಾಗವನ್ನು ಕೊಳಾಯಿಗಾರರು ಒಮ್ಮೆ ನೋಡಿ ಹೇಳಿದರೆ ಉಪಕಾರವಾಗುತ್ತದೆ.